ತೂಕ ಇಳಿಕೆಯ ಮೂರು ವರ್ಷದ ಲೆಕ್ಕ

ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಕಗ್ಗದಾಸಪುರದ ರೈಲ್ವೆ ಗೇಟು ಹಾಕಿದರೆಂದರೆ ಮುಗಿಯಿತು, ಮನೆ ಕೂಗಳತೆಯಲ್ಲಿದ್ದರೂ ತಲುಪುವುದು ಯಾವಾಗಲೋ. ಬಾಗ್ಮನೆ ಟೆಕ್ ಪಾರ್ಕಿನಿಂದ, ಸಿ.ವಿ. ರಾಮನ್ ನಗರದ ಡಿಆರ್‌ಡಿಒ ಪ್ರಯೋಗಾಲಯಗಳಿಂದ ಹೊರಟವರಿಗೆ ಅಷ್ಟರಲ್ಲಿ ಹಸಿವು ಕೆರಳಿರುತ್ತದೆ. ಬೇಕರಿಯಲ್ಲಿ ಒಂದು ಪಫ್ಸು, ಒಂದು ಟೀ. ಮನೆಗೆ ಬಂದರೆ ಮಗುವಿನ ಹೋಂವರ್ಕು. ಮಗು ಬಿಟ್ಟ ಅರ್ಧ ದೋಸೆಯನ್ನು ಚೆಲ್ಲಲು ಮನಸ್ಸು ಬಾರದೆ ಅಮ್ಮ ನಿಂತಲ್ಲೇ ತಿನ್ನುತ್ತಾಳೆ, ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ. ಒಂಬತ್ತೂವರೆಗೆ ನಿಜವಾದ ಊಟ. ಮಕ್ಕಳು ಮಲಗಿದ ಮೇಲೆ ಅಪ್ಪನಿಗೆ ಅಮೆರಿಕದವರ ಜೊತೆ ಕಾಲ್. ಇಂಥವರಿಗೆ ‘ದಿನಾ ಒಂದು ಗಂಟೆ ಜಿಮ್ಮಿಗೆ ಹೋಗಿ’ ಎನ್ನುವವರು ಮಕ್ಕಳನ್ನು ಸಾಕಿದವರಲ್ಲ ಎಂಬುದು ನನ್ನ ಗುಮಾನಿ.

ಹಾಗಾದರೆ ತೂಕ ಇಳಿಸುವುದು ಹೇಗೆ? ಮೊದಲು ಹಳೆಯ ಲೆಕ್ಕವೊಂದನ್ನು ಬದಿಗಿಡಬೇಕು. ಒಂದು ಕಿಲೋ ತೂಕಕ್ಕೆ 7,700 ಕಿಲೋಕ್ಯಾಲೊರಿ, ದಿನಕ್ಕೆ 500 ಕಡಿಮೆ ತಿಂದರೆ ತಿಂಗಳಿಗೆ ಎರಡು ಕಿಲೋ ಇಳಿಯುತ್ತದೆ ಎಂಬ ಲೆಕ್ಕ ಅದು. ಇದೇ ನಿಜವಾಗಿದ್ದರೆ 70 ಕಿಲೋದ ಮನುಷ್ಯ ಮೂರು ವರ್ಷದಲ್ಲಿ ಮಾಯವಾಗಬೇಕಿತ್ತು! ಮೈ ಸಣ್ಣಗಾದಂತೆ ಅದಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ ಎಂಬುದನ್ನು ಈ ಲೆಕ್ಕ ಮರೆತಿದೆ.

ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ತಿದ್ದಿದರು. ಅವರ ಪ್ರಕಾರ ದಿನಕ್ಕೆ ಸುಮಾರು 24 ಕಿಲೋಕ್ಯಾಲೊರಿಯನ್ನು ಕಾಯಂ ಆಗಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕಿಲೋ ಇಳಿಯುತ್ತದೆ. ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ, ಬಹುಪಾಲು ಇಳಿಯಲು ಮೂರು ವರ್ಷ ಬೇಕು. ದಿನಕ್ಕೆ 100 ಕಡಿಮೆ ಮಾಡಿದವರಿಗೆ ಮೂರು ವರ್ಷದಲ್ಲಿ ನಾಲ್ಕು ಕಿಲೋ. ಕೇಳಿದರೆ ನಿರಾಸೆಯೇ. ಆದರೆ ಬಿಡುವಿಲ್ಲದ ಅಪ್ಪ ಅಮ್ಮಂದಿರಿಗೆ ಒಗ್ಗುವ ಲೆಕ್ಕ ಇದೊಂದೇ. ದಿನಕ್ಕೆ 100 ಕಡಿಮೆ ಮಾಡಲು ಯಾರೂ ರಜೆ ಹಾಕಬೇಕಿಲ್ಲ.

ಅವಸರಪಟ್ಟರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ನಮ್ಮದೇ ಊರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಅರೆಹೊಟ್ಟೆಯಲ್ಲೇ ದುಡಿಯುವ ಬಡ ಗಂಡಸರ ದೇಹ ಸುಮ್ಮನೆ ಮಲಗಿದ್ದಾಗ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂದು ಅಳೆದರು. ಹೊಟ್ಟೆತುಂಬ ಉಂಡವರಿಗಿಂತ ಅವರ ಖರ್ಚು ಕಡಿಮೆ ಇತ್ತು. ಬರವನ್ನು ದಾಟಿಬಂದ ದೇಹಕ್ಕೆ ಡಯಟ್ಟು ಯಾವುದು, ಬರ ಯಾವುದು ಎಂಬ ಭೇದ ತಿಳಿಯದು. ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ಅಮೆರಿಕದ ಟಿವಿ ಸ್ಪರ್ಧೆಯಲ್ಲಿ ಕೆಲವೇ ತಿಂಗಳಲ್ಲಿ ಹತ್ತಾರು ಕಿಲೋ ಇಳಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ ಬಹುಪಾಲು ತೂಕ ಮರಳಿ ಬಂದಿತ್ತು. ಆದರೂ ಅವರ ದೇಹ ತನ್ನ ಗಾತ್ರಕ್ಕೆ ಉರಿಸಬೇಕಿದ್ದಕ್ಕಿಂತ ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿಯಷ್ಟು ಕಡಿಮೆಯೇ ಉರಿಸುತ್ತಿತ್ತು. ಹಸಿವಿನ ಕಥೆಯೂ ಅಷ್ಟೇ. ತೂಕ ಇಳಿಸಿ ಒಂದು ವರ್ಷವಾದ ಮೇಲೂ ಹಸಿವೆ ಹೆಚ್ಚಿಸುವ ಗ್ರೆಲಿನ್ ಹಾರ್ಮೋನು ಮೇಲೆಯೇ ಇರುತ್ತದೆ, ಸಾಕೆನಿಸುವ ಲೆಪ್ಟಿನ್ ಹಾರ್ಮೋನು ಕೆಳಗೇ ಇರುತ್ತದೆ ಎಂದು 2011ರ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿತು. ಡಯಟ್ ಬಿಟ್ಟವರನ್ನು ನಾಲಿಗೆಚಪಲದವರೆಂದು ಹಂಗಿಸುವವರು ಇದನ್ನೊಮ್ಮೆ ಓದಬೇಕು.

ಎಲ್ಲಿ ಕಡಿಮೆ ಮಾಡುವುದು? ಎಣ್ಣೆಯ ಡಬ್ಬದಿಂದ ಶುರುಮಾಡಿ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ತರುತ್ತಿದ್ದರೆ ಮೂರು ತನ್ನಿ. ಒಂದು ಲೀಟರ್ ಎಂದರೆ ಸುಮಾರು 910 ಗ್ರಾಂ, ಗ್ರಾಮಿಗೆ 9 ಕಿಲೋಕ್ಯಾಲೊರಿ. ಸಮಪಾಲು ಹಾಕಿದರೆ ತಲೆಗೆ ದಿನಕ್ಕೆ 68 ಉಳಿಯಿತು. ಯಾರೂ ಉಪವಾಸ ಮಾಡಲಿಲ್ಲ, ಯಾರಿಗೂ ಬೇರೆ ಅಡುಗೆ ಮಾಡಲಿಲ್ಲ. ಒಲೆಯ ಪಕ್ಕ ಸೀಸೆಯಿಂದ ನೇರ ಬಗ್ಗಿಸುವ ಬದಲು ಚಮಚದಲ್ಲಿ ಅಳೆದು ಹಾಕಿದರೆ ಸಾಕು. ಹಾಗೆಯೇ ಮಗುವಿನ ತಟ್ಟೆಗೆ ಮೊದಲೇ ಕಡಿಮೆ ಬಡಿಸಿ, ಬೇಕೆಂದಾಗ ಮತ್ತೆ ಹಾಕಿ. ಬ್ಯಾಗಿನಲ್ಲಿ ಒಂದು ಹಿಡಿ ಹುರಿಗಡಲೆ ಇದ್ದರೆ ಗೇಟಿನ ಬಳಿ ಬೇಕರಿ ಅಷ್ಟಾಗಿ ಕರೆಯುವುದಿಲ್ಲ. ರಾತ್ರಿ ತಟ್ಟೆಯಲ್ಲಿ ಅನ್ನ ಒಂದು ಸೌಟು ಕಮ್ಮಿ, ಹುರುಳಿಕಾಳಿನ ಸಾರೋ ಕೋಸಂಬರಿಯೋ ಒಂದು ಸೌಟು ಜಾಸ್ತಿ ಇರಲಿ.

ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಸಂಗತಿ ನಿದ್ದೆ. ಷಿಕಾಗೊ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರು ತೂಕ ಹೆಚ್ಚಾಗಿದ್ದ, ದಿನಕ್ಕೆ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ 80 ಮಂದಿ. ಅರ್ಧದಷ್ಟು ಜನರಿಗೆ ತಮ್ಮ ಮನೆಯಲ್ಲೇ ಹೆಚ್ಚು ಮಲಗಲು ಸಲಹೆ ಕೊಟ್ಟರು. ಊಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಿದ್ದೆ ಸುಮಾರು 1.2 ಗಂಟೆ ಹೆಚ್ಚಿತು. ಉಳಿದವರಿಗೆ ಹೋಲಿಸಿದರೆ ಇವರು ದಿನಕ್ಕೆ ಸುಮಾರು 270 ಕಿಲೋಕ್ಯಾಲೊರಿ ಕಡಿಮೆ ತಿಂದರು, ಅದೂ ತಮಗೇ ಗೊತ್ತಿಲ್ಲದೆ. ಎಳೆಗೂಸಿನ ತಾಯಿಗೆ ‘ಎಂಟು ಗಂಟೆ ಮಲಗು’ ಎಂದರೆ ಹಾಸ್ಯವಾದೀತು. ಆದರೆ ಮಕ್ಕಳು ಮಲಗಿದ ಮೇಲೆ ಮೊಬೈಲು ತಿಕ್ಕುತ್ತ ಕೂರುವ ಆ ಮುಕ್ಕಾಲು ಗಂಟೆ ಯಾರದು? ರಾತ್ರಿಯ ಕಾಲ್ ವಾರಕ್ಕೆರಡಾದರೂ ಬೆಳಗ್ಗೆಗೆ ಸರಿಯಲಾರದೇ? ಜಿಮ್ಮಿಗೆ ದುಡ್ಡು ಕಟ್ಟುವ ಮೊದಲು ಮೇಲಧಿಕಾರಿಯನ್ನು ಇದೊಂದು ಕೇಳುವುದು ವಾಸಿ.

ವ್ಯಾಯಾಮ ಬೇಡ ಎಂದಲ್ಲ. ತೂಕ ಇಳಿಸುವುದರಲ್ಲಿ ಅದರ ಪಾಲು ಸಣ್ಣದು, ಇಳಿದದ್ದನ್ನು ಉಳಿಸಿಕೊಳ್ಳುವುದರಲ್ಲಿ ದೊಡ್ಡದು. ಇನ್ನು ತಕ್ಕಡಿಯನ್ನು ತೀರಾ ನಂಬುವುದೂ ಬೇಡ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ತಮ್ಮನ್ನೇ ಅಳೆದುಕೊಂಡು 2004ರಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ನಮ್ಮವರ ಕೊಬ್ಬು ಹೊಟ್ಟೆಯ ಸುತ್ತಲೇ ಸೇರುವುದು ಹೆಚ್ಚು. ಹಾಗಾಗಿ ಸೊಂಟಕ್ಕೆ ಟೇಪು ಹಿಡಿಯಿರಿ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟದಿರಲಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಊಟ ಕಡಿಮೆ ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಮೂರು ತಿಂಗಳಾದರೂ ಮುಳ್ಳು ಅಲುಗಲಿಲ್ಲವೆಂದು ಕೈಬಿಡುವವರಿಗೆ ಇನ್ನೊಂದು ಮಾತು. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಮಾಡಿತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಮಧುಮೇಹ ಬರುವ ಸಂಭವ ಶೇ. 28.5ರಷ್ಟು ಕಡಿಮೆಯಾಗಿತ್ತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ.