ದುಡಿಸಿದರೆ ಸೋಲದ ಗ್ರಂಥಿ

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಂಥ ಕಡೆ ರಾತ್ರಿ ಪಾಳಿ ಮುಗಿಸಿ ಮಲಗಿದರೂ ಸುಸ್ತು ಹೋಗದಿದ್ದರೆ, ಅದಕ್ಕೊಂದು ರೋಗದ ಹೆಸರು ಈಗ ಮೊಬೈಲಿನಲ್ಲೇ ಸಿಗುತ್ತದೆ: ‘ಅಡ್ರಿನಲ್ ಫಟೀಗ್’. ಒತ್ತಡದಿಂದ ಕಿಡ್ನಿಯ ಮೇಲಿನ ಅಡ್ರಿನಲ್ ಗ್ರಂಥಿ ದುಡಿದು ಸೋತಿದೆ, ಅದರ ಹಾರ್ಮೋನು ಕಾರ್ಟಿಸಾಲ್ ಬರಿದಾಗಿದೆ ಎಂಬ ವಾದವಿದು. 2016ರಲ್ಲಿ ಬ್ರೆಜಿಲಿನ ಇಬ್ಬರು ವೈದ್ಯರು 58 ಅಧ್ಯಯನಗಳನ್ನು ಜಾಲಾಡಿ, ಇಂಥ ರೋಗವಿದೆ ಎನ್ನಲು ಆಧಾರವಿಲ್ಲ ಎಂದರು. ಆದರೂ ನಂಬಿಕೆ ಕದಲಿಲ್ಲ.

ಬರಿದಾಗಲು ಅಲ್ಲಿ ದಾಸ್ತಾನೇ ಇಲ್ಲ. ಅಡ್ರಿನಲ್ ಕೋಶ ಕಾರ್ಟಿಸಾಲನ್ನು ಕೂಡಿಡುವುದಿಲ್ಲ. ಪಿಟ್ಯುಟರಿ ಗ್ರಂಥಿಯಿಂದ ಎಸಿಟಿಎಚ್ ಎಂಬ ಆದೇಶ ಬಂದಾಗ ಕೊಲೆಸ್ಟ್ರಾಲಿನಿಂದ ಆಗಿಂದಾಗ ತಯಾರಿಸುತ್ತದೆ. ಮನುಷ್ಯರ ಅಡ್ರಿನಲ್ ಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ ಎಸಿಟಿಎಚ್ ಹಾಕಿದರೆ ಕಾರ್ಟಿಸಾಲ್ ಏರುತ್ತದೆ. ದಿನಗಟ್ಟಲೆ ಹಾಕುತ್ತಿದ್ದರೆ ಕೋಶ ಸೋಲುವುದಿಲ್ಲ, ಕಾರ್ಟಿಸಾಲ್ ಮಾಡುವ ಕಿಣ್ವಗಳನ್ನೇ ಹೆಚ್ಚಿಸಿಕೊಳ್ಳುತ್ತದೆ. ತಟ್ಟೆ ಬೇರೆ, ದೇಹ ಬೇರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಪ್ರಯೋಗಗಳಲ್ಲಿ ಹೆಚ್ಚು ಬಳಕೆಯಾಗುವ ಎಚ್295ಆರ್ ಕೋಶಗಳು ಒಬ್ಬ ಮಹಿಳೆಯ ಅಡ್ರಿನಲ್ ಕ್ಯಾನ್ಸರ್ ಗಡ್ಡೆಯಿಂದ ಬಂದವು. ಆಂಜಿಯೋಟೆನ್ಸಿನ್, ಪೊಟ್ಯಾಸಿಯಂಗೆ ಚೆನ್ನಾಗಿ ಸ್ಪಂದಿಸಿ ಆಲ್ಡೋಸ್ಟಿರೋನ್ ಎಂಬ ಇನ್ನೊಂದು ಹಾರ್ಮೋನು ಮಾಡುವ ಅವು ಎಸಿಟಿಎಚ್‌ಗೆ ಅಷ್ಟಾಗಿ ಓಗೊಡುವುದಿಲ್ಲ. ಹಾಗಾದರೆ ದೇಹವನ್ನೇ ಕೇಳೋಣ. ಪಿಟ್ಯುಟರಿಯ ಗಡ್ಡೆ ವರ್ಷಗಟ್ಟಲೆ ಎಸಿಟಿಎಚ್ ಸುರಿಯುವ ಕುಶಿಂಗ್ ಕಾಯಿಲೆಯಲ್ಲಿ ಅಡ್ರಿನಲ್ ದಪ್ಪವಾಗುತ್ತದೆ, ಕಾರ್ಟಿಸಾಲ್ ಮಿತಿಮೀರುತ್ತದೆ. ಎಡೆಬಿಡದ ಒತ್ತಾಯಕ್ಕೆ ಗ್ರಂಥಿ ಸೋಲುವುದಾದರೆ ಮೊದಲು ಸೋಲಬೇಕಾದದ್ದು ಅಲ್ಲಿ.

ಗ್ರಂಥಿ ನಿಜಕ್ಕೂ ಕುಗ್ಗುವುದು ಆದೇಶ ಬಾರದಿದ್ದಾಗ. ಮೊಣಕಾಲು ನೋವಿಗೆಂದು ಚೀಟಿಯಿಲ್ಲದೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟಿರಾಯ್ಡ್ ಗುಳಿಗೆ ತಿಂಗಳುಗಟ್ಟಲೆ ನುಂಗಿದರೆ ಪಿಟ್ಯುಟರಿ ಎಸಿಟಿಎಚ್ ಕಳಿಸುವುದನ್ನು ಕಡಿಮೆ ಮಾಡುತ್ತದೆ, ಅಡ್ರಿನಲ್ ಸಣ್ಣದಾಗುತ್ತದೆ. ಆಮೇಲೆ ಗುಳಿಗೆ ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಗ್ರಂಥಿಯೇ ನಾಶವಾಗುವ ಅಡಿಸನ್ ಕಾಯಿಲೆಯೂ ಉಂಟು, ಕ್ಷಯ ಅದಕ್ಕೊಂದು ಕಾರಣ. ಅಲ್ಲಿ ತೂಕ ಇಳಿಯುತ್ತದೆ, ಬಿಪಿ ಕುಸಿಯುತ್ತದೆ, ಅಂಗೈ ಗೆರೆಗಳೂ ವಸಡೂ ಕಪ್ಪಾಗಬಹುದು. ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ರಕ್ತ ಪರೀಕ್ಷಿಸಿದರೆ ಗೊತ್ತಾಗುತ್ತದೆ. ಕಾರ್ಟಿಸಾಲ್ ವಿಷ ಎನ್ನುವವರಿಗೂ ಇದೇ ಉತ್ತರ: ಅದಿಲ್ಲದೆ ಬದುಕಿಲ್ಲ.

ನಿದ್ದೆಗೆಟ್ಟ ಮನುಷ್ಯನ ಸುಸ್ತು ನಿಜ, ಅದನ್ನು ಯಾರೂ ಅಲ್ಲಗಳೆಯಬಾರದು. ಸಿಟ್ಟು ಬರುವುದು ಆ ಸುಸ್ತನ್ನು ಬಂಡವಾಳ ಮಾಡಿಕೊಳ್ಳುವವರ ಮೇಲೆ. 2018ರಲ್ಲಿ ಅಮೆರಿಕದಲ್ಲಿ ಅಡ್ರಿನಲ್‌ಗೆ ಬಲ ಕೊಡುತ್ತವೆಂದು ಮಾರುತ್ತಿದ್ದ 12 ಬಗೆಯ ಗುಳಿಗೆಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಥೈರಾಯ್ಡ್ ಹಾರ್ಮೋನು, ಹಲವದರಲ್ಲಿ ಸ್ಟಿರಾಯ್ಡ್ ಸಿಕ್ಕಿತು. ಅಂಥದ್ದನ್ನು ನುಂಗಿ ಹುರುಪು ಬಂದರೆ ಮದ್ದು ಫಲಿಸಿತೆಂದು ನಂಬುತ್ತೇವೆ. ಇತ್ತ ಸುಸ್ತಿನ ನಿಜ ಕಾರಣವಾದ ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ ಒಳಗೇ ಬೆಳೆಯುತ್ತಿರಬಹುದು. ಆ ಮೂರನ್ನೂ ಪತ್ತೆ ಮಾಡುವ ರಕ್ತ ಪರೀಕ್ಷೆ ಹುಬ್ಬಳ್ಳಿ-ಧಾರವಾಡದಲ್ಲೇ ಆಗುತ್ತದೆ. ಮೊದಲು ಅದನ್ನು ಮಾಡಿಸಿ.