ನಿಂತ ಕಾರಿಗೂ ಟೋಲ್: ತಪ್ಪು ಕಡಿತವಾದ ಹಣ ವಾಪಸು ಪಡೆಯುವುದು ಹೇಗೆ?

ಜನವರಿಯ ಒಂದು ಭಾನುವಾರ. ಎದುರಿನ ಬ್ಲಾಕ್ ಕಾಣದಷ್ಟು ಮಂಜು. ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ಕಾರಿಗೆ ಹೊದಿಕೆ ಹಾಕಿ ಎರಡು ದಿನವಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ರಜಾಯಿ ಹೊದ್ದು ಕುಳಿತಿದ್ದಾಗ ಮೊಬೈಲಿಗೆ ಸಂದೇಶ ಬಂತು. ಹರಿಯಾಣದ ಯಾವುದೋ ಟೋಲ್ ಗೇಟ್‌ನಲ್ಲಿ ನನ್ನ ಫಾಸ್ಟ್ಯಾಗ್‌ನಿಂದ 85 ರೂಪಾಯಿ ಕಡಿತ! ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದೆ. ಕಾರು ಇದ್ದಲ್ಲೇ ಇತ್ತು.

"ಹೋಗ್ಲಿ ಬಿಡ್ರಿ, ಎಂಬತ್ತೈದು ರೂಪಾಯಿಗೆ ಯಾರ ಗುದ್ದಾಡತಾರ" ಎಂದಳು ಮನೆಯಾಕೆ. ನಾನೂ ಬಿಟ್ಟೆ. ಬುಧವಾರ ಬ್ಯಾಂಕಿನಲ್ಲಿ ಕೌಂಟರ್ ಮುಂದೆ ಜನ ನಿಂತಿರುವಾಗ ಅದೇ ಗೇಟ್‌ನಿಂದ ಮತ್ತೆ 85 ರೂಪಾಯಿ ಹೋಯಿತು. ಈ ಸಲ ಎದೆ ಝಲ್ಲೆಂದಿತು. ದುಡ್ಡಿಗಾಗಿ ಅಲ್ಲ. ನನ್ನ ನಂಬರಿನ ಕಾರು ಇನ್ನೊಂದು ಎಲ್ಲೋ ಓಡಾಡುತ್ತಿದೆಯೇ? ಅದು ಯಾರಿಗಾದರೂ ಗುದ್ದಿದರೆ ಪೊಲೀಸರು ಬರುವುದು ಯಾರ ಮನೆಗೆ? ದೆಹಲಿಗೆ ಬಂದು ಇಷ್ಟು ವರ್ಷವಾದರೂ ಹಿಂದಿಯಲ್ಲಿ ಜಗಳ ಮಾಡುವ ಧೈರ್ಯ ನಮ್ಮಂಥವರಿಗೆ ಪೂರ್ತಿ ಬಂದಿಲ್ಲ. ಠಾಣೆಯ ಮಾತು ಬಂದರಂತೂ ಮುಗಿದೇ ಹೋಯಿತು.

ಆ ರಾತ್ರಿಯೇ ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಬರೆದೆ. ನಾಲ್ಕು ದಿನಕ್ಕೆ ಉತ್ತರ ಬಂತು: ವ್ಯವಹಾರ ಸರಿಯಾಗಿದೆ, ದೂರು ಮುಕ್ತಾಯ. ಮೂವತ್ತು ವರ್ಷದಿಂದ ಬ್ಯಾಂಕಿನ ಕೌಂಟರ್‌ನಲ್ಲಿ ಕುಳಿತವನಿಗೆ ಆ ಉತ್ತರದ ಅರ್ಥ ಗೊತ್ತು. ದೂರನ್ನು ಯಾರೂ ಓದಿಲ್ಲ ಎಂದೇ ಅರ್ಥ. ನನ್ನ ಮೊದಲ ದೂರು ಕೂಡ ಹಾಗೇ ಇತ್ತೆನ್ನಿ, "ನಾನು ಆ ಕಡೆ ಹೋಗೇ ಇಲ್ಲ" ಎಂಬ ಒಂದೇ ಸಾಲು. ಎರಡನೇ ಸಲ ನೆಟ್ಟಗೆ ಬರೆದೆ. ಎರಡೂ ವ್ಯವಹಾರಗಳ ಸಂಖ್ಯೆ, ದಿನಾಂಕ, ಸಮಯ, ಗೇಟಿನ ಹೆಸರು ಹಾಕಿದೆ. ಆ ಎರಡು ದಿನ ಕಾರು ಹೊರಗೆ ಹೋಗಿಲ್ಲ ಎಂದು ಸೊಸೈಟಿಯ ಕಾರ್ಯದರ್ಶಿಯಿಂದ ಪತ್ರ ಪಡೆದು, ಗೇಟಿನ ಕ್ಯಾಮೆರಾದ ಚಿತ್ರವನ್ನೂ ಲಗತ್ತಿಸಿದೆ. ಕೊನೆಗೆ ಒಂದು ಸಾಲು: ಆ ಸಮಯದಲ್ಲಿ ಆ ಲೇನಿನಲ್ಲಿ ಹೋದ ವಾಹನದ ಫೋಟೊ ಕಳಿಸಿ.

ಕೆಲಸ ಮಾಡಿದ್ದು ಆ ಕೊನೆಯ ಸಾಲು. ಮೂರು ವಾರಕ್ಕೆ 170 ರೂಪಾಯಿ ಖಾತೆಗೆ ಜಮೆಯಾಯಿತು, ಫೋಟೊ ಕೂಡ ಬಂತು. ನನ್ನದು ಬೆಳ್ಳಿ ಬಣ್ಣದ ಹಳೆಯ ಸಣ್ಣ ಕಾರು, ಫೋಟೊದಲ್ಲಿದ್ದದ್ದು ಬಿಳಿಯ ದೊಡ್ಡ ಕಾರು. ಅದರ ನಂಬರಿನಲ್ಲಿ 8 ಇದ್ದ ಕಡೆ ನನ್ನದರಲ್ಲಿ 3. ಆತನ ಟ್ಯಾಗ್ ಓದದೆ ಇದ್ದಾಗ ಬೂತಿನ ಹುಡುಗ ನಂಬರನ್ನು ಕೈಯಿಂದ ಒತ್ತಿದ್ದ. ಕಳ್ಳನೂ ಇಲ್ಲ, ನಕಲಿ ನಂಬರೂ ಇಲ್ಲ. ಆ ದಿನ ಊಟ ರುಚಿಯಾಗಿತ್ತು.

ಒಳಗಿನ ಲೆಕ್ಕ ಹೇಗೆ ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ, ತಿಳಿದರೆ ಅರ್ಧ ಅಲೆದಾಟ ತಪ್ಪುತ್ತದೆ. ಫಾಸ್ಟ್ಯಾಗ್ ವ್ಯವಹಾರದಲ್ಲಿ ಎರಡು ಬ್ಯಾಂಕುಗಳಿರುತ್ತವೆ. ಒಂದು ನಿಮಗೆ ಟ್ಯಾಗ್ ಕೊಟ್ಟದ್ದು, ಇನ್ನೊಂದು ಟೋಲ್ ಪ್ಲಾಜಾದ ಪರವಾಗಿ ಹಣ ಪಡೆಯುವುದು. ನಡುವೆ ಲೆಕ್ಕ ಚುಕ್ತಾ ಮಾಡುವುದು ರಾಷ್ಟ್ರೀಯ ಪಾವತಿ ನಿಗಮ. ನೀವು ದೂರು ಕೊಟ್ಟಾಗ ನಿಮ್ಮ ಬ್ಯಾಂಕು ಆ ಬ್ಯಾಂಕಿನಿಂದ ಹಣ ಮರಳಿ ಕೇಳುತ್ತದೆ, ಇದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಆ ಬ್ಯಾಂಕು ಪ್ಲಾಜಾದಿಂದ ಪುರಾವೆ ತರಿಸಬೇಕು. ಆದ್ದರಿಂದ ದೂರು ಕೊಡಬೇಕಾದ್ದು ಟ್ಯಾಗ್ ಕೊಟ್ಟ ಬ್ಯಾಂಕಿಗೆ. ಉಳಿತಾಯ ಖಾತೆ ಇರುವ ಬ್ಯಾಂಕಿಗಲ್ಲ, ಪ್ಲಾಜಾದ ಮ್ಯಾನೇಜರಿಗೂ ಅಲ್ಲ. ನನ್ನ ಕೌಂಟರಿಗೆ ಬೇರೆ ಬ್ಯಾಂಕಿನ ಟ್ಯಾಗ್ ಹಿಡಿದು ಬಂದು ಸಿಟ್ಟು ಮಾಡಿಕೊಂಡು ಹೋದವರು ಬೇಕಾದಷ್ಟು ಜನರಿದ್ದಾರೆ. ಬೈಸಿಕೊಳ್ಳುವುದು ನಮಗೆ ಅಭ್ಯಾಸವಾಗಿದೆ, ಆದರೆ ಅದರಿಂದ ಅವರ ಹಣ ಬರುವುದಿಲ್ಲ.

ಜೊತೆಗೆ ಹೆದ್ದಾರಿ ಪ್ರಾಧಿಕಾರದ 1033 ಸಂಖ್ಯೆಗೂ ಕರೆ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕೈಯಿಂದ ನಂಬರ್ ಒತ್ತಿ ತಪ್ಪಾಗಿ ಹಣ ಕಡಿದ ಪ್ರಕರಣಗಳಲ್ಲಿ ಪ್ರಾಧಿಕಾರ ಟೋಲ್ ಗುತ್ತಿಗೆದಾರರಿಗೆ ತಲಾ 1 ಲಕ್ಷ ರೂಪಾಯಿ ಅಥವಾ ಹೆಚ್ಚು ದಂಡ ಹಾಕಿದ್ದುಂಟು. ಹಾಗಾಗಿ 85 ರೂಪಾಯಿಯ ದೂರು ಅವರಿಗೆ ಸಣ್ಣದಲ್ಲ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಡ.

ಗೇಟಿನ ಬಳಿಯೇ ಆಗುವ ತಕರಾರುಗಳು ಬೇರೆ. 2021ರ ಫೆಬ್ರವರಿ 15ರ ಮಧ್ಯರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು, ಇಲ್ಲದವರಿಗೆ ಎರಡು ಪಟ್ಟು. 2025ರ ನವೆಂಬರ್ 15ರಂದು ಜಾರಿಗೆ ಬಂದ ತಿದ್ದುಪಡಿ ಇದನ್ನು ಸ್ವಲ್ಪ ಸಡಿಲಿಸಿತು. ಆಗ 100 ರೂಪಾಯಿ ಟೋಲ್ ಇದ್ದಲ್ಲಿ ಟ್ಯಾಗ್ ಇಲ್ಲದವರು ನಗದು ಕೊಟ್ಟರೆ 200, ಯುಪಿಐ ಮೂಲಕ ಕೊಟ್ಟರೆ 125 ಎಂದಾಯಿತು. ಇದು ಎಲ್ಲರಿಗೂ ಗೊತ್ತಾಗಿದೆ. ಗೊತ್ತಿಲ್ಲದ್ದು 2018ರ ಮೇ ತಿಂಗಳ ಅಧಿಸೂಚನೆ. ನಿಮ್ಮ ಟ್ಯಾಗ್ ಸರಿಯಿದ್ದು, ಖಾತೆಯಲ್ಲಿ ಹಣವಿದ್ದು, ಪ್ಲಾಜಾದ ಯಂತ್ರವೇ ಕೆಟ್ಟಿದ್ದರೆ ಹಣ ಕೊಡದೆ ಮುಂದೆ ಹೋಗಬಹುದು, ಅವರು ಸೊನ್ನೆ ರೂಪಾಯಿಯ ರಸೀದಿ ಕೊಡಬೇಕು. ಹಿಂದಿನ ಲಾರಿ ಹಾರ್ನ್ ಹೊಡೆಯುತ್ತಿರುವಾಗ ಈ ನಿಯಮ ಹೇಳಿ ನಿಲ್ಲುವುದು ಕಷ್ಟ, ಒಪ್ಪುತ್ತೇನೆ. ಆಗ ಕೇಳಿದಷ್ಟು ಕೊಟ್ಟು ರಸೀದಿ ಪಡೆದು, ಟ್ಯಾಗ್‌ನ ಬ್ಯಾಲೆನ್ಸ್ ತೋರಿಸುವ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಜಗಳ ಮನೆಗೆ ಹೋಗಿ ಕಾಗದದಲ್ಲಿ ಮಾಡಬಹುದು.

ಎಲ್ಲ ತಕರಾರೂ ಗೆಲ್ಲುವುದಿಲ್ಲ. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮವೊಂದರ ಊಟದ ಸಾಲಿನಲ್ಲಿ ಸಿಕ್ಕ ಹಿರಿಯರೊಬ್ಬರು, ಕೇಂದ್ರ ಸರ್ಕಾರದ ನಿವೃತ್ತ ನೌಕರರು, "ತಮ್ಮಾ, ನನ್ನದೂ ಒಂದು ನೋಡಿಬಿಡಪ್ಪಾ" ಎಂದರು. ವರ್ಷದಿಂದ ಅವರ ಖಾತೆಯಲ್ಲಿ ಟೋಲ್ ಹಣ ಹೋಗುತ್ತಿತ್ತು. ಮಗ ಓಡಾಡುತ್ತಿರಬೇಕು ಎಂದು ಅವರು, ಅಪ್ಪ ಎಂದು ಮಗ ತಿಳಿದಿದ್ದರು. ಸ್ಟೇಟ್‌ಮೆಂಟ್ ತೆಗೆಸಿದರೆ ಎಲ್ಲವೂ ಮೇರಠ್ ಕಡೆಯ ಗೇಟುಗಳು. ಹಿಂದಿನ ವರ್ಷ ಮಾರಿದ ಕಾರಿನ ಗಾಜಿನ ಮೇಲೆ ಇವರ ಟ್ಯಾಗ್ ಹಾಗೇ ಇತ್ತು, ಕೊಂಡವನು ಆರಾಮವಾಗಿ ಓಡಿಸುತ್ತಿದ್ದ! ನಾಲ್ಕು ಸಾವಿರಕ್ಕೂ ಮಿಕ್ಕಿ ಹೋಗಿತ್ತು. ಟ್ಯಾಗ್ ಇವರದೇ, ಯಂತ್ರ ಓದಿದ್ದೂ ಸರಿ. ಬ್ಯಾಂಕಿನಲ್ಲಿ ಕೇಳಲು ಏನೂ ಉಳಿದಿರಲಿಲ್ಲ. ಟ್ಯಾಗ್ ಮುಚ್ಚಿಸಿದೆವು. ಹಿರಿಯರು ಸಪ್ಪಗಾದರು, ನನಗೂ ಬೇಜಾರಾಯಿತು. ಕಾರು ಮಾರುವ ದಿನ ಆರ್‌ಸಿ ವರ್ಗಾವಣೆಯಷ್ಟೇ ಮುಖ್ಯ, ಟ್ಯಾಗ್ ಕಿತ್ತು ಖಾತೆ ಮುಚ್ಚಿಸುವುದು.

2025ರ ಆಗಸ್ಟ್ 15ರಂದು ವರ್ಷಕ್ಕೆ 3,000 ರೂಪಾಯಿ, 200 ಪ್ರಯಾಣ ಎಂದು ಆರಂಭವಾದ ವಾರ್ಷಿಕ ಪಾಸ್ ಪಡೆದವರೂ "ಮೋಸ" ಎಂದು ಬರುತ್ತಾರೆ. ಆ ಪಾಸ್ ರಾಷ್ಟ್ರೀಯ ಹೆದ್ದಾರಿಗಳಿಗೆ. ಆಗ್ರಾಕ್ಕೆ ಹೋಗುವ ಯಮುನಾ ಎಕ್ಸ್‌ಪ್ರೆಸ್‌ವೇ ಉತ್ತರ ಪ್ರದೇಶದ್ದು, ಅಲ್ಲಿ ಟ್ಯಾಗ್‌ನಿಂದ ಹಣ ಹೋಗಿಯೇ ಹೋಗುತ್ತದೆ.

ಟೋಲ್ ಜಗಳ ನಮ್ಮ ಎನ್‌ಸಿಆರ್‌ಗೆ ಹೊಸದೇನಲ್ಲ. 2008ರಲ್ಲಿ ಗುಡಗಾಂವ್ ಎಕ್ಸ್‌ಪ್ರೆಸ್‌ವೇ ತೆರೆದಾಗ ಸಿರ್ಹೌಲ್ ಗೇಟಿನಲ್ಲಿ ಸಾಲು ನಿಂತವರಿಗೆ ನೆನಪಿರಬಹುದು, ಅದು ಹೋದದ್ದು 2014ರಲ್ಲಿ. ನೋಯ್ಡಾದ ಡಿಎನ್‌ಡಿ ಸೇತುವೆಯ ಟೋಲನ್ನು 2016ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ನಿಲ್ಲಿಸಿತು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋರ್ಟಿಗೆ ಹೋದದ್ದು ನೋಯ್ಡಾ ನಿವಾಸಿಗಳ ಸಂಘಗಳ ಒಕ್ಕೂಟ, ನಮ್ಮಂತೆಯೇ ಸಂಘ ಕಟ್ಟಿಕೊಂಡ ಜನ.

ಮಕ್ಕಳು ಹೊರದೇಶದಲ್ಲಿರುವವರಿಗೂ ಒಂದು ಮಾತು. ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿ ಬಂದ ಗೆಳೆಯರಿಗೆ ಎರಡು ತಿಂಗಳ ಮೇಲೆ ಕ್ರೆಡಿಟ್ ಕಾರ್ಡಿನಲ್ಲಿ ಗೊತ್ತಿಲ್ಲದ ಮೊತ್ತ ಬಂತು. ಬಾಡಿಗೆ ಕಾರಿನಲ್ಲಿ ಅವರು ಡಾರ್ಟ್‌ಫರ್ಡ್ ಬಳಿ ಥೇಮ್ಸ್ ನದಿ ದಾಟಿದ್ದರು. ಅಲ್ಲಿ 2014ರ ನವೆಂಬರ್‌ನಿಂದ ಬೂತೂ ಇಲ್ಲ, ಗೇಟೂ ಇಲ್ಲ, ಕ್ಯಾಮೆರಾ ನಂಬರ್ ಓದುತ್ತದೆ. ಮರುದಿನ ಮಧ್ಯರಾತ್ರಿಯೊಳಗೆ ನಾವೇ ಹಣ ಕಟ್ಟಬೇಕು, ಕಾರಿಗೆ 2025ರ ಸೆಪ್ಟೆಂಬರ್‌ನಲ್ಲಿ 3.50 ಪೌಂಡ್ ಆಯಿತು. ಕಟ್ಟದಿದ್ದರೆ ದಂಡ 70 ಪೌಂಡ್, 14 ದಿನದೊಳಗೆ ಕಟ್ಟಿದರೆ ಅರ್ಧ. ಬಾಡಿಗೆ ಕಾರಾದರೆ ಕಂಪನಿ ತನ್ನ ಶುಲ್ಕವನ್ನೂ ಸೇರಿಸುತ್ತದೆ. ತಪ್ಪು ದಂಡವಾದರೆ 28 ದಿನದೊಳಗೆ ಆಕ್ಷೇಪ ಬರೆಯಬೇಕು, ಅವರು ಒಪ್ಪದಿದ್ದರೆ ಶುಲ್ಕವಿಲ್ಲದ ನ್ಯಾಯಮಂಡಳಿಯಿದೆ. ನಮ್ಮ ಗೆಳೆಯರು ನಿಜಕ್ಕೂ ಕಟ್ಟಿರಲಿಲ್ಲ, ಗೇಟೇ ಇಲ್ಲವಲ್ಲ ಎಂದು ಖುಷಿಯಾಗಿ ದಾಟಿದ್ದರು! ಕಾರು ಪಡೆಯುವಾಗಲೇ "ದಾರಿಯಲ್ಲಿ ಟೋಲ್ ಇದೆಯೇ, ಯಾರು ಕಟ್ಟಬೇಕು" ಎಂದು ಕೇಳಿಕೊಳ್ಳಿ.

ಆ ಪದ್ಧತಿ ಇಲ್ಲಿಗೂ ಬರುತ್ತಿದೆ. ಚಂಡೀಗಢ ದಾರಿಯ ಘರೌಂಡಾ ಮತ್ತು ಗುಜರಾತಿನ ಚೋರ್ಯಾಸಿಯಲ್ಲಿ ಗೇಟ್ ಇಲ್ಲದ ಟೋಲ್ ವ್ಯವಸ್ಥೆಗೆ 2025ರಲ್ಲಿ ಒಪ್ಪಂದವಾಯಿತು. ಚೋರ್ಯಾಸಿ ಇರುವುದು ನಮ್ಮದೇ ದಾರಿಯಲ್ಲಿ, ದೆಹಲಿಯಿಂದ ಜೈಪುರ, ಮುಂಬೈ, ಪುಣೆ ದಾಟಿ ನಮ್ಮ ರಾಣೆಬೆನ್ನೂರಿನ ಮೇಲೆ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ಬೂತಿನ ಹುಡುಗನೇ ಇಲ್ಲದಿದ್ದರೆ ಸ್ಥಳದಲ್ಲಿ ಕೇಳುವುದು ಯಾರನ್ನು? ಎಲ್ಲ ತಕರಾರೂ ಆಮೇಲೆ, ಫೋಟೊ ಮುಂದಿಟ್ಟುಕೊಂಡೇ ಆಗಬೇಕು.

ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ನಗದು ಪುಸ್ತಕಕ್ಕೂ ಪಾಸ್ ಪುಸ್ತಕಕ್ಕೂ ತಾಳೆ ಹಾಕುವುದನ್ನು ಮೇಷ್ಟ್ರು ಬೈದು ಬೈದು ಕಲಿಸಿದ್ದರು. ಈಗ ತಿಂಗಳಿಗೊಮ್ಮೆ ಟ್ಯಾಗ್‌ನ ಸ್ಟೇಟ್‌ಮೆಂಟ್ ಮತ್ತು ಕಾರಿನ ಡೈರಿ ಇಟ್ಟುಕೊಂಡು ಅದನ್ನೇ ಮಾಡುತ್ತೇನೆ, ಹತ್ತು ನಿಮಿಷದ ಕೆಲಸ. ಸದಸ್ಯ ಬಾಂಧವರಲ್ಲಿ ಯಾರಿಗಾದರೂ ಅನುಮಾನದ ಕಡಿತ ಕಂಡಿದ್ದರೆ ಸ್ಟೇಟ್‌ಮೆಂಟ್ ಮುದ್ರಿಸಿಕೊಂಡು ಸಂಘದ ಮುಂದಿನ ಕಾರ್ಯಕ್ರಮಕ್ಕೆ ತನ್ನಿ. ಊಟದ ಸಾಲಿನಲ್ಲಿ ಬೇಡ, ಊಟವಾದ ಮೇಲೆ ಕುಳಿತು ದೂರು ಬರೆಯೋಣ.