ಮೊಬೈಲ್‌ನಲ್ಲೇ ಹಾರ್ಮೋನಿಯಂ: ರೆಕಾರ್ಡ್ ಮಾಡೋದು ಹೇಗೆ? ಹಂಚೋ ಮುಂಚೆ ಏನು ನೋಡ್ಬೇಕು?

ಬಳ್ಳಾರಿ: ಸಿರುಗುಪ್ಪ, ಕುರುಗೋಡು ಕಡೆ ನಾಟಕ ಇರಲಿ, ಭಜನೆ ಇರಲಿ, ಪೇಟಿ ಬೇಕೇ ಬೇಕು. ಕಾಲಲ್ಲಿ ತಿದಿ ಒತ್ತುತ್ತಾ ಎರಡೂ ಕೈಯಲ್ಲಿ ನುಡಿಸೋ ಲೆಗ್ ಹಾರ್ಮೋನಿಯಂ ಮುಂದೆ ಮಾಸ್ತರು ಕೂತ್ರೆ ನಾಟಕ ಶುರು ಅಂತಲೇ ಲೆಕ್ಕ. ಈಗ ಅದೇ ದನಿ ಮೊಬೈಲ್ ಆಪ್‌ನಲ್ಲೂ ಸಿಗುತ್ತೆ. ಹುಡುಗರು ಅದರಲ್ಲೇ ನುಡಿಸಿ ಯೂಟ್ಯೂಬ್‌ಗೆ ಹಾಕಬಹುದು.

ಯಾಕೆ ರೆಕಾರ್ಡ್ ಮಾಡ್ಬೇಕು?

ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಮೇಲೆ ನಿಷೇಧ ಹಾಕಿತ್ತು. ಅಷ್ಟೂ ವರ್ಷ ಪೇಟಿ ಮಾಸ್ತರರ ಕೈಚಳಕ ರೇಡಿಯೋ ತನಕ ಹೋಗಲಿಲ್ಲ. ರಂಗಗೀತೆಗೆ ಹೆಸರಾದ ನಮ್ಮೂರ ಸುಭದ್ರಮ್ಮ ಮನ್ಸೂರ್ 2020ರಲ್ಲಿ ತೀರಿಕೊಂಡರು. ಹಳೇ ಮಟ್ಟುಗಳು ಗೊತ್ತಿರೋರು ಇರುವಾಗಲೇ ಹಿಡಿದಿಟ್ಟುಕೊಳ್ಳಬೇಕು.

ವರ್ಚುವಲ್ ಪೇಟಿ ಅಂದ್ರೆ?

ನಿಜವಾದ ವಾದ್ಯದ ಒಂದೊಂದು ಸ್ವರವನ್ನೂ ಮೊದಲೇ ರೆಕಾರ್ಡ್ ಮಾಡಿಟ್ಟಿರ್ತಾರೆ. ನೀವು ಕೀ ಒತ್ತಿದಾಗ ಆ ಸ್ವರ ಕೇಳುತ್ತೆ. ಯುರೋಪಿನ ಚರ್ಚ್‌ಗಳ ದೊಡ್ಡ ಪೈಪ್ ಆರ್ಗನ್ ದನಿಯನ್ನೂ ಹೀಗೇ ಕಂಪ್ಯೂಟರ್‌ಗೆ ತಂದಿದ್ದಾರೆ. ಅದಕ್ಕೆ ಗ್ರ್ಯಾಂಡ್‌ಆರ್ಗ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ.

ಒಂದು ಕೊರತೆ ಅಂದ್ರೆ ತಿದಿ. ಗಾಳಿ ಹೆಚ್ಚು ಕಡಿಮೆ ಮಾಡಿ ಮಾಸ್ತರು ದನಿ ಏರಿಸಿ ಇಳಿಸ್ತಾರೆ. ಆಪ್‌ನ ಪರದೆ ಮೇಲೆ ಬರೀ ಬೆರಳಿಟ್ಟರೆ ಅದು ಬರಲ್ಲ. ಅದಕ್ಕೆ ಹಿರಿಯರ ಬಳಿ ನಿಜವಾದ ಪೇಟಿ ಇದ್ರೆ ಅದನ್ನೇ ರೆಕಾರ್ಡ್ ಮಾಡಿ. ಆಪ್ ಇರಲಿ ಕಲಿಯೋರಿಗೆ.

ರೆಕಾರ್ಡ್ ಮಾಡೋ ಕ್ರಮ

* ಕೀಬೋರ್ಡ್ ಇದ್ರೆ ಓಟಿಜಿ ಕೇಬಲ್‌ನಿಂದ ಮೊಬೈಲ್‌ಗೆ ಜೋಡಿಸಿ.
* ಬ್ಲೂಟೂತ್ ಇಯರ್‌ಫೋನ್ ಬೇಡ. ಕೀ ಒತ್ತಿದ ಮೇಲೆ ದನಿ ತಡವಾಗಿ ಕೇಳಿ ತಾಳ ತಪ್ಪುತ್ತೆ. ವೈರ್ ಇರೋದೇ ಹಾಕಿ.
* ಫೋನನ್ನ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಕಾಲ್ ಬಂದು ಕೆಡಿಸಲ್ಲ.
* ಆಪ್‌ನಲ್ಲೇ ರೆಕಾರ್ಡಿಂಗ್ ಇದ್ರೆ ಅದನ್ನೇ ಬಳಸಿ, ಹೊರಗಿನ ಸದ್ದು ಸೇರಲ್ಲ.
* ನಿಜವಾದ ಪೇಟಿಯಾದ್ರೆ ಫ್ಯಾನ್ ಆಫ್ ಮಾಡಿ, ಫೋನನ್ನ ಎರಡು ಮೂರು ಅಡಿ ದೂರ ಇಡಿ. ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ.
* ವಾಟ್ಸಾಪ್‌ನಲ್ಲಿ ವಿಡಿಯೋ ಹಾಗೇ ಕಳಿಸಿದ್ರೆ ಗುಣಮಟ್ಟ ಇಳಿಯುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ. ಮೂಲ ಫೈಲ್ ಒಂದು ಪೆನ್‌ಡ್ರೈವ್‌ನಲ್ಲೂ ಇರಲಿ.

ಹಾಡು ಯಾರದ್ದು?

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಾಡು ಬರೆದವರು ತೀರಿಕೊಂಡು 60 ವರ್ಷ ಆಗೋತನಕ ಅದರ ಹಕ್ಕು ಇರುತ್ತೆ. ಗದಗಿನ ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾಗಿದ್ದು 2010ರಲ್ಲಿ. ಅವರ ಕೃತಿಗಳ ಹಕ್ಕು 2070ರ ಕೊನೆವರೆಗೂ ಇರುತ್ತೆ. ವಚನ, ದಾಸರ ಪದಗಳಿಗೆ ಆ ತೊಂದರೆ ಇಲ್ಲ. ಆದ್ರೆ ಈಗಿನವರು ಹಾಕಿದ ರಾಗಸಂಯೋಜನೆಗೆ ಬೇರೆ ಹಕ್ಕಿರುತ್ತೆ. ಹಾಗಾಗಿ ಸಿನಿಮಾ ಹಾಡನ್ನ ನೀವೇ ನುಡಿಸಿದ್ರೂ ಯೂಟ್ಯೂಬ್‌ನಲ್ಲಿ ಕ್ಲೈಮ್ ಬರಬಹುದು, ಆಗ ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗಬಹುದು.

ಅಂಗಡಿಯವರು ಗಮನಿಸಿ: ಊರಿನ ಕಲಾವಿದರ ವಿಡಿಯೋ ಇಷ್ಟ ಆಯ್ತು ಅಂತ ಕೇಳದೇ ನಿಮ್ಮ ಅಂಗಡಿ ಪ್ರಚಾರಕ್ಕೆ ಹಾಕಬೇಡಿ. ನುಡಿಸಿದವರಿಗೂ ಹಕ್ಕಿದೆ.

ಹೆಸರು ಬರೀರಿ

ವಿಡಿಯೋ ಕೆಳಗೆ ನುಡಿಸಿದವರ ಹೆಸರು, ಊರು, ನಾಟಕ, ರಾಗ, ಕಲಿಸಿದ ಗುರು, ರೆಕಾರ್ಡ್ ಮಾಡಿದ ದಿನ ಇಷ್ಟೂ ಇರಲಿ. ಮಾಸ್ತರರಿಗೆ ಮೊದಲು ಕೇಳಿಸಿ, ಅವರು ಹೂಂ ಅಂದ ಮೇಲೇ ಹಾಕಿ. ಬರೀ "ಸೂಪರ್ ಪೇಟಿ" ಅಂತ ಹಾಕಿದ್ರೆ ಹತ್ತು ವರ್ಷದ ಮೇಲೆ ಅದು ಯಾರ ಕೈ ಅಂತ ಅವರ ಮೊಮ್ಮಕ್ಕಳಿಗೂ ಗೊತ್ತಾಗಲ್ಲ.